ಹಾಡಿಗೂ ಟಿಕೆಟ್ ಕೇಳಿದವರು

ನೆಲದ ಮೇಲೆ ನಿಂತಾಗಲೂ ಅವರ ಎರಡೂ ಕಾಲು ಅಗಲವಾಗಿಯೇ ಇರುತ್ತಿದ್ದವು. ಬೀಡಾ ಅಂಗಡಿಯ ಮುಂದೆ ನಿಂತರೆ ಎಡಸೊಂಟ ತಾನಾಗಿಯೇ ಕಟ್ಟೆಗೆ ಆತುಕೊಳ್ಳುತ್ತಿತ್ತು; ಬ್ಯಾಂಕಿನ ಸಾಲಿನಲ್ಲಿ ನಿಂತರೆ ಹತ್ತಿರದ ಕಂಬಕ್ಕೆ. ಓಡುವ ಬಸ್ಸಿನಲ್ಲಿ ನಿಂತೇ ಅನ್ನ ದುಡಿದ ಮೈಯದು. ಭೂಮಿ ಒಂದೇ ಕಡೆ ನಿಂತಿರುತ್ತದೆ ಎನ್ನುವುದರ ಮೇಲೆ ಅದಕ್ಕೆ ನಂಬಿಕೆಯೇ ಇರಲಿಲ್ಲ. ಬಲಗೈ ಬೆರಳಿನಲ್ಲಿ ಒಂದು ತಾಮ್ರದ ಉಂಗುರವಿತ್ತು. ಬಸ್ಸಿನ ಕಂಬಿಗೆ ಬಡಿದೂ ಬಡಿದೂ ಅದರ ಒಂದು ಮಗ್ಗುಲು ಚಪ್ಪಟೆಯಾಗಿ ಹೋಗಿತ್ತು.

ಚನ್ನಗಿರಿಯಿಂದ ಹೊರಟು ಹೊನ್ನಾಳಿ ಮುಟ್ಟಿ ನಮ್ಮೂರು ನ್ಯಾಮತಿಗೆ ಬರುವ ಸರ್ಕಾರಿ ಬಸ್ಸಿನ ಕಂಡಕ್ಟರ್ ಅವರು. ನಾನು ಅವರನ್ನು ಕಂಡಕ್ಟರ್ ಕಾಕ ಎಂದು ಕರೆಯುತ್ತಿದ್ದೆ. ಅವರು ನನ್ನನ್ನು ಡಿಜೆವ್ವ ಎನ್ನುತ್ತಿದ್ದರು. ಮೊದಲ ಸಲ ಹಾಗೆ ಕರೆದಾಗ ಬಸ್ಸಿನಿಂದ ಇಳಿದು ನಡೆದೇ ಹೋಗಿಬಿಡೋಣ ಅನ್ನಿಸಿತ್ತು. ಈಗ ಯಾರಾದರೂ ಹಾಗೆ ಕರೆಯಲಿ ಎಂದು ಕಾಯುತ್ತೇನೆ, ಯಾರೂ ಕರೆಯುವುದಿಲ್ಲ.

ನಮ್ಮ ಕಡೆ ಡಿಜೆ ಅಂದರೆ ಟ್ರ್ಯಾಕ್ಟರ್ ಮೇಲೆ ಮನೆಯೆತ್ತರ ಪೇರಿಸಿದ ಸ್ಪೀಕರ್ ಬಾಕ್ಸುಗಳು, ಅದರ ಮುಂದೆ ಅಂಗಿ ಬಿಚ್ಚಿ ಕುಣಿಯುವ ಹುಡುಗರು. ನಾನು ಆ ಪೈಕಿ ಅಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಹಳೇ ಲ್ಯಾಪ್‌ಟಾಪು, ಹಾಡು ಬೆರೆಸುವ ಒಂದು ಪುಟ್ಟ ಕಂಟ್ರೋಲರು, ಸೊಂಟದೆತ್ತರದ ಒಂದೇ ಒಂದು ಸ್ಪೀಕರು. ಹೊನ್ನಾಳಿಯಲ್ಲಿ ಡಿಗ್ರಿ ಓದುವಾಗ ಕಾಲೇಜಿನ ಕಾರ್ಯಕ್ರಮಕ್ಕೆ ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಜೋಡಿಸಿ ಹಾಕಿದ್ದೆ. ಆಮೇಲೆ ಹುಟ್ಟುಹಬ್ಬ, ಅಂಗಡಿ ಪೂಜೆ, ಶಾಲೆಯ ವಾರ್ಷಿಕೋತ್ಸವ ಅಂತ ಕರೆ ಬರತೊಡಗಿತು. ಹುಡುಗಿ ಡಿಜೆ ಅಂದರೆ ಜನ ಮೊದಲು ನೋಡುವುದಕ್ಕೆ ಬರುತ್ತಿದ್ದರು, ಕೇಳುವುದೆಲ್ಲ ಆಮೇಲೆ. ಅಮ್ಮ ಹೊಲಿಗೆ ಮಷಿನ್ ತುಳಿಯುತ್ತಲೇ, "ಊರು ಕುಣಿಸಾಕೆ ಡಿಗ್ರಿ ಯಾಕೆ ಬೇಕಿತ್ತು?" ಎನ್ನುತ್ತಿದ್ದಳು. ಅಪ್ಪ ಸರ್ಕಾರಿ ಆಫೀಸಿನಲ್ಲಿ ಅಟೆಂಡರ್. ತಿಂಗಳ ಸಂಬಳ ಬಾರದ ಕೆಲಸವನ್ನು ಕೆಲಸ ಎಂದು ಕರೆಯುವ ರೂಢಿ ಅವನಿಗೆ ಇರಲಿಲ್ಲ.

ಕಾಕನಿಗೂ ನನಗೂ ಪರಿಚಯವಾದದ್ದೇ ಜಗಳದಿಂದ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಶುರುವಾಗಿದ್ದ ಹೊಸತು. ನಾನು ಸ್ಪೀಕರ್ ಎಳೆದುಕೊಂಡು ಹತ್ತಿದೆ, ಆಧಾರ್ ಕಾರ್ಡ್ ತೋರಿಸಿದೆ. ಅವರು ಮಷಿನ್ನಿಂದ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಅದರ ಹಿಂದೆಯೇ ಇನ್ನೊಂದು ಟಿಕೆಟ್ ಹರಿದರು.

"ಇದೇನ್ರೀ?"

"ಲಗೇಜು."

"ನಂಗೆ ಫ್ರೀ ಅಲ್ವೇನ್ರೀ?"

"ನಿಂಗೆ ಫ್ರೀ. ನಿನ್ನ ಡಬ್ಬಿಗೆ ಫ್ರೀ ಅಂತ ಯಾವ ಸರ್ಕಾರ ಹೇಳೈತೆ? ಅದರ ಆಧಾರ್ ಕಾರ್ಡ್ ತೋರ್ಸು, ಬಿಡ್ತೀನಿ."

ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ವಾದದಲ್ಲಿ ಸೋಲುವ ಅಭ್ಯಾಸ ನನಗಿಲ್ಲ. ಹೊನ್ನಾಳಿ ಬರುವವರೆಗೂ ಜಗ್ಗಾಡಿದೆ. ಅವರು ಇನ್ನೊಬ್ಬರಿಗೆ ಟಿಕೆಟ್ ಕೊಡುತ್ತಾ, ಚಿಲ್ಲರೆ ಎಣಿಸುತ್ತಾ, ನಡುನಡುವೆ ನನ್ನ ಕಡೆ ತಿರುಗಿ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಕೊನೆಗೆ ಇಳಿಯುವಾಗ ಸ್ಪೀಕರಿನ ಒಂದು ಹಿಡಿ ತಾವೇ ಹಿಡಿದು ಕೆಳಗಿಳಿಸಿ, "ಟಿಕೆಟ್ ತಗೊಂಡೈತಲ್ಲ, ಈಗ ಅದೂ ನಮ್ಮ ಪ್ಯಾಸೆಂಜರು" ಎಂದರು.

ಟಿಕೆಟ್ಟಿನ ವಿಷಯದಲ್ಲಿ ಅವರು ತಾಯಿಯನ್ನೂ ಬಿಡುವವರಲ್ಲ. ಹಿಂದೆ ಸ್ವಂತ ಅತ್ತೆ ಬಸ್ ಹತ್ತಿದಾಗ ಆಕೆಗೂ ಟಿಕೆಟ್ ಹರಿದಿದ್ದರಂತೆ. ಅಳಿಯನ ಬಸ್ಸಿನಲ್ಲಿ ದುಡ್ಡು ಕೊಟ್ಟು ಕೂತೆ ಎಂದು ಆಕೆ ಮುನಿಸಿಕೊಂಡು, ಮಗಳ ಮನೆಗೆ ಖಾಸಗಿ ಬಸ್ಸಿನಲ್ಲೇ ಬರತೊಡಗಿದಳು. ಇದನ್ನು ಕಾಕ ಬಸ್ಸಿನಲ್ಲಿ ನಿಂತು ತಾವೇ ಹೇಳಿಕೊಂಡು ನಗುತ್ತಿದ್ದರು. "ಟಿಕೆಟ್ ಇದ್ದೋನು ಕಿಡಕಿಗೆ ತಲೆ ಆನಿಸಿ ನಿದ್ದಿ ಮಾಡ್ತಾನೆ. ಇಲ್ದೋನು ಸ್ಟಾಪ್ ಬಂದಾಗೆಲ್ಲ ಬಾಗಿಲು ನೋಡ್ತಾನೆ" ಎನ್ನುವುದು ಅವರ ದಿನಕ್ಕೊಂದು ಸಲದ ಮಾತು.

ಒಮ್ಮೆ ಸೂರಗೊಂಡನಕೊಪ್ಪಕ್ಕೆ ಹೊರಟಿದ್ದ ಒಬ್ಬ ಅಜ್ಜಿ ಸೊನ್ನೆ ಟಿಕೆಟ್ ಬೇಡವೆಂದು ಕೈಯಾಡಿಸಿಬಿಟ್ಟಳು. "ಪುಕ್ಕಟೆ ಅಂದ ಮ್ಯಾಲೆ ಚೀಟಿ ಯಾಕಪ್ಪ, ಕಾಗದ ದಂಡ" ಎಂದಳು. ಕಾಕ ಆಕೆಯ ಸೀಟಿನ ಪಕ್ಕ ಬಗ್ಗಿ ನಿಂತು, "ಪುಕ್ಕಟೆ ಅಂದ್ರೆ ಲೆಕ್ಕಕ್ಕಿಲ್ಲ ಅಂತಲ್ಲಬೇ. ಈ ಚೀಟಿ ಇಲ್ಲಾಂದ್ರೆ ನೀನು ಈ ಬಸ್ಸಿನಾಗೆ ಇದ್ದೇ ಇಲ್ಲ ಅಂದಂಗೆ. ನೀನು ಇಲ್ಲಿದ್ದೆ ಅಂತ ಹೇಳಾಕೆ ಒಂದು ಗುರುತು ಬ್ಯಾಡೇನು?" ಎಂದರು. ಅಜ್ಜಿ ಚೀಟಿ ಇಸಿದುಕೊಂಡು ಎಲೆಅಡಿಕೆ ಚೀಲಕ್ಕೆ ಸೇರಿಸಿದಳು. ಆಗ ನನಗೆ ಅದು ಕಂಡಕ್ಟರನ ಹಟವಾಗಿ ಮಾತ್ರ ಕಂಡಿತ್ತು.

ಮುಂದಿನ ವರ್ಷ ನನ್ನ ಕಸುಬಿಗೇ ಕುತ್ತು ಬಂತು. ಸಿನಿಮಾ ಹಾಡುಗಳನ್ನು ಹೆಣೆದು ನಾನು ಇಂಟರ್ನೆಟ್ಟಿಗೆ ಹಾಕಿದ್ದ ಮಿಕ್ಸುಗಳು ಒಂದೊಂದಾಗಿ ಮೂಕವಾಗತೊಡಗಿದವು. ಚಿತ್ರ ಓಡುತ್ತದೆ, ದನಿ ಇಲ್ಲ. ಹಕ್ಕು ತಮ್ಮದೆಂದು ಯಾವುದೋ ಕಂಪನಿ ತಕರಾರು ಹಾಕಿದೆ, ಇನ್ನೊಂದು ತಕರಾರು ಬಂದರೆ ನಿಮ್ಮ ಖಾತೆಯೇ ಇರುವುದಿಲ್ಲ ಎಂಬ ಎಚ್ಚರಿಕೆ ಬೇರೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅಂತ ಎಲ್ಲರ ಹಾಗೆ ನಾನೂ ಹಾಡು ಇಳಿಸಿಕೊಂಡವಳೇ. ಇಡೀ ತಾಲ್ಲೂಕಿನ ಡಿಜೆಗಳು ಮಾಡುತ್ತಿದ್ದುದು ಅದನ್ನೇ. ಲೈಸೆನ್ಸು ಎಂದರೆ ಗಾಡಿ ಓಡಿಸಲು ಬೇಕಾದದ್ದು ಎಂದಷ್ಟೇ ನಮಗೆ ಗೊತ್ತಿದ್ದದ್ದು.

ಅದೇ ಹೊತ್ತಿಗೆ ಚನ್ನಗಿರಿಯ ಒಬ್ಬ ಅಡಿಕೆ ವ್ಯಾಪಾರಿ ಹೊಸ ಹೋಟೆಲ್ ಕಟ್ಟಿಸಿ, ಪ್ರಾರಂಭದ ದಿನ ಮಧ್ಯಾಹ್ನದ ಊಟದವರೆಗೆ ಸಂಗೀತ ಹಾಕಲು ನನ್ನನ್ನು ಗೊತ್ತು ಮಾಡಿದ್ದರು. ನನಗೆ ಅಷ್ಟು ದೊಡ್ಡ ಕಾರ್ಯಕ್ರಮ ಅದೇ ಮೊದಲು. ಇನ್ನೇನು ಹತ್ತಿರ ಬಂತು ಅನ್ನುವಾಗ ಅವರು ಕರೆದು ಕೂರಿಸಿದರು. ಹೋಟೆಲಿನಲ್ಲಿ ರೆಕಾರ್ಡ್ ಹಾಡು ಹಾಕಬೇಕಾದರೆ ಪರವಾನಗಿ ಬೇಕೆಂದು ಹಕ್ಕಿನ ಕಂಪನಿಯೊಂದರಿಂದ ಅವರಿಗೆ ಪತ್ರ ಬಂದಿತ್ತು.

"ನೋಡವ್ವ, ಅಡಿಕೆಗೆ ಏನು ಪರ್ಮಿಟ್ ಬೇಕು ಅಂದ್ರೂ ತರ್ತೀನಿ, ದಾರಿ ಗೊತ್ತೈತೆ. ಹಾಡಿಂದು ನಂಗೆ ತಲೆಬುಡ ಗೊತ್ತಿಲ್ಲ. ತಕರಾರಿಲ್ಲದ ಹಾಡು ಹಾಕೋದಾದ್ರೆ ಹಾಕು. ಇಲ್ಲಾಂದ್ರೆ ವಾಲಗದೋರಿಗೆ ಹೇಳಿಬಿಡ್ತೀನಿ, ಬೇಜಾರು ಮಾಡ್ಕಬ್ಯಾಡ."

ನಾನು ವಿಚಾರಿಸಿದೆ. ಹಾಡು ಬರೆದವರ, ರಾಗ ಹಾಕಿದವರ ಹಕ್ಕು ಒಂದು ಕಡೆ. ಅದನ್ನು ರೆಕಾರ್ಡ್ ಮಾಡಿದವರ ಹಕ್ಕು ಇನ್ನೊಂದು ಕಡೆ. ಕೆಲವು ಹಾಡಿಗೆ ಇಬ್ಬರೂ ಅಲ್ಲದೆ ಮೂರನೆಯವರು ನಮ್ಮದು ಅನ್ನುತ್ತಾರೆ. ಮದುವೆಯ ಮೆರವಣಿಗೆಗಾದರೆ ವಿನಾಯಿತಿ ಉಂಟು, ಹೋಟೆಲಿನ ಉದ್ಘಾಟನೆಗೆ ಇಲ್ಲ ಅಂದರು. ಎರಡು ಹಾಡು ಬೆರೆಸಿ ಹೊಸದು ಮಾಡಿದರೆ ಅದಕ್ಕೆ ಬೇರೆಯೇ ಅನುಮತಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಕಥೆ. ದರ ಕೇಳಿದರೆ ದೊಡ್ಡ ಊರಿನ ದೊಡ್ಡ ಹೋಟೆಲುಗಳ ದರ ಹೇಳಿದರು. ಚನ್ನಗಿರಿ ಎಂಬ ಊರು ಅವರ ಪಟ್ಟಿಯಲ್ಲೇ ಇರಲಿಲ್ಲ.

ಮನೆಯಲ್ಲಿ ಅಪ್ಪ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸಕ್ಕೆ ನನಗಾಗಿ ಮಾತಾಡಿ ಇಟ್ಟಿದ್ದ. ಚನ್ನಗಿರಿಯ ಕಾರ್ಯಕ್ರಮ ಚೆನ್ನಾಗಿ ಆದರೆ ನನ್ನ ಪಾಡಿಗೆ ನನ್ನನ್ನು ಬಿಡಬೇಕು, ತಪ್ಪಿದರೆ ಸ್ಪೀಕರ್ ಮಾರಿ ಅಂಗಡಿಗೆ ಸೇರಬೇಕು ಎಂದು ಅಮ್ಮನ ಜೊತೆ ಒಪ್ಪಂದವಾಗಿತ್ತು. ಆ ಸಂಜೆ ಬಸ್ಸಿನಲ್ಲಿ ಕೂತವಳಿಗೆ ಬಟ್ಟೆ ಅಂಗಡಿಯ ಕ್ಯಾಷ್ ಕೌಂಟರ್ ಕಣ್ಣ ಮುಂದೆಯೇ ಕಾಣುತ್ತಿತ್ತು.

"ಯಾಕೆ ಡಿಜೆವ್ವ, ಸ್ವಿಚ್ ಆಫ್ ಆಗೀದಿ?" ಎಂದರು ಕಾಕ. ಜನ ಕಡಿಮೆಯಿದ್ದರು. ನಾನು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, "ಅಂದ್ರೆ ಇಷ್ಟು ದಿನ ಟಿಕೆಟ್ ಇಲ್ದೆ ಓಡಾಡಿದಿ ಅನ್ನು" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. "ತಗೊಳ್ಳಾಕೆ ನಾನು ರೆಡಿ ಕಾಕ. ಕೊಡೋರು ಯಾರು ಹೇಳ್ರಿ? ಒಂದು ಹಾಡಿಗೆ ಮೂವರು ಬಂದು ದುಡ್ಡು ಕೇಳ್ತಾರೆ. ಒಬ್ಬೊಬ್ರದು ಒಂದೊಂದು ರೇಟು."

"ಒಂದು ಬಸ್ಸಿಗೆ ಮೂವರು ಕಂಡಕ್ಟರಾ?" ಕಾಕ ನಿಜವಾಗಿಯೂ ಗಾಬರಿಯಾದರು. "ಹಂಗಾದ್ರೆ ಪ್ಯಾಸೆಂಜರ್ ಪಾಡೇನವ್ವ? ಇದು ನೀ ಹೇಳಿದ್ದು ಖರೆ. ಇದು ನ್ಯಾಯ ಅಲ್ಲ." ಚಿಲ್ಲರೆ ಚೀಲ ಸರಿಮಾಡಿಕೊಂಡು, "ಅವರ ಬಸ್ಸೇ ಬ್ಯಾಡ. ನಿಂದೇ ಒಂದು ಬಸ್ ಬಿಡು" ಎಂದು ಮುಂದೆ ಹೋದರು. ಹೇಳುವುದು ಸುಲಭ ಎಂದು ನಾನು ಗೊಣಗಿಕೊಂಡೆ.

ಮುಂದಿನ ಸ್ಟಾಪಿಗೆ ಅವರು ಉಂಗುರದಿಂದ ಕಂಬಿಗೆ ಬಡಿದರು. ಟಣ್, ಟಣಟಣ್. ಕಿಟಕಿಯ ಗಾಜುಗಳು ಗಡಗಡ ಎನ್ನುತ್ತಿದ್ದವು. ಡ್ರೈವರ್ ಗೇರ್ ಬದಲಿಸಿದಾಗ ಕೆಳಗೆಲ್ಲೋ ಕಬ್ಬಿಣ ನರಳಿತು. ಬಾಗಿಲು ಧಡ್ ಅಂತ ಬಿತ್ತು. ಲ್ಯಾಪ್‌ಟಾಪಿನಲ್ಲಿ ಡ್ರಮ್ಮಿನ ಸದ್ದುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ತಾಳ ಕಟ್ಟುವುದು ನನಗೆ ಗೊತ್ತಿತ್ತು. ಆ ಡ್ರಮ್ಮೆಲ್ಲ ಇಲ್ಲೇ ಇದೆಯಲ್ಲ ಅನ್ನಿಸಿತು. ಎದ್ದು ನಿಂತು ಕೂಗಿದೆ: "ಕಾಕ, ಈ ಸದ್ದೆಲ್ಲ ರೆಕಾರ್ಡ್ ಮಾಡ್ಕೊಳ್ಲಾ? ನಿಮ್ಮ ದನಿನೂ?"

"ಮಾಡ್ಕ, ಮಾಡ್ಕ. ಗದ್ಲಕ್ಕೇನು ಬರಗಾಲ ಐತೆ?"

ಒಂದು ವಾರ ಆ ಬಸ್ಸಿನಲ್ಲೇ ಓಡಾಡಿದೆ. ಕಂಬಿಯ ಟಣಟಣ, ಗಾಜಿನ ಗಡಗಡ, ಟಿಕೆಟ್ ಮಷಿನ್ನಿನ ಕಿರ್‌ಕಿರ್, ಕಾಕನ ಜೋಡಿ ಸೀಟಿ, ಅದರ ಹಿಂದೆ ಬರುವ "ರೈಟ್ ರೈಟ್!" ಎಲ್ಲ ಫೋನಿನಲ್ಲಿ ಹಿಡಿದೆ. ಮನೆಯಲ್ಲಿ ಕೂತು ಜೋಡಿಸಿದರೆ, ನಾನು ಅದುವರೆಗೆ ಮಾಡಿದ್ದಕ್ಕೆಲ್ಲ ತಲೆ ಮೇಲೆ ಹೊಡೆದ ಹಾಗಿತ್ತು. ತಾಳ ಏರುತ್ತಾ ಏರುತ್ತಾ ಒಮ್ಮೆಲೇ ನಿಲ್ಲುತ್ತದೆ, ಜೋಡಿ ಸೀಟಿ, "ರೈಟ್ ರೈಟ್!", ಮತ್ತೆ ಧಡ್ ಎಂದು ಎಲ್ಲ ಒಟ್ಟಿಗೆ ಹೊರಡುತ್ತದೆ. ಆ ಜಾಗಕ್ಕೆ ಬಂದಾಗಲೆಲ್ಲ ನನಗೇ ಮೈ ಜುಮ್ಮೆನ್ನುತ್ತಿತ್ತು.

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಆದದ್ದನ್ನು ಆ ರೂಟಿನವರು ಈಗಲೂ ಹೇಳಿಕೊಂಡು ನಗುತ್ತಾರೆ. ಬಸ್ ನಿಂತಿತ್ತು. ಕಾಕ ಸಮಯ ಬರೆಸಲು ಸ್ಟ್ಯಾಂಡಿನ ಆಫೀಸಿಗೆ ಹೋಗಿದ್ದರು. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಪಕ್ಕದ ಹುಡುಗಿಗೆ ಕೇಳಿಸೋಣ ಎಂದು ಫೋನಿಗೆ ಜೋಡಿಸುವ ಅಂಗೈಯಗಲದ ಸ್ಪೀಕರಿನಲ್ಲಿ ಹಾಡು ಹಚ್ಚಿದೆ. ಡ್ರೈವರ್ ಚಹಾ ಕುಡಿದು ಬಂದು ಇಂಜಿನ್ ಚಾಲೂ ಮಾಡಿ ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಹಾಡಿನಲ್ಲಿ ಆ ಜಾಗ ಬಂತು. ಜೋಡಿ ಸೀಟಿ, "ರೈಟ್ ರೈಟ್!"

ಬಸ್ ಹೊರಟೇಬಿಟ್ಟಿತು.

ಹಿಂದೆ ಕಾಕ ಓಡಿ ಬರುತ್ತಿದ್ದರು. ಕೊರಳಿನ ಟಿಕೆಟ್ ಮಷಿನ್ ಹೊಟ್ಟೆಗೆ ಬಡಿಯುತ್ತಿತ್ತು. ಬಸ್ಸಿನೊಳಗೆ ಎಲ್ಲರೂ ಕೂಗಿಕೊಂಡರು. ಸ್ಟ್ಯಾಂಡಿನ ಗೇಟಿನ ಹತ್ತಿರ ನಿಂತಿತು. ಕಾಕ ಹತ್ತಿದವರೇ, "ಯಾವನಲೇ ರೈಟ್ ಅಂದೋನು?" ಎಂದು ಗುಡುಗಿದರು.

"ನೀವೇ ಅಂದ್ರಲ್ಲರೀ!" ಎಂದರು ಡ್ರೈವರ್.

"ನಾನು ಆಫೀಸಿನಾಗಿದ್ದೆ!"

"ನಿಮ್ದೇ ದನಿ ರೀ, ಬೇಕಾದ್ರೆ ಆಣೆ ಮಾಡ್ತೀನಿ!"

ಎಲ್ಲರ ಕಣ್ಣೂ ನನ್ನ ಕೈಯ ಸ್ಪೀಕರಿನ ಮೇಲೆ ಬಿತ್ತು. ಜನ ನಗುವುದಕ್ಕೆ ಶುರುಮಾಡಿದರು, ನಾನೂ ನಕ್ಕೆ. ಕಾಕ ನಗಲಿಲ್ಲ. ಎಂದೂ ಕೂರದ ಮನುಷ್ಯ ಕಂಡಕ್ಟರ್ ಸೀಟಿನಲ್ಲಿ ಕೂತುಬಿಟ್ಟರು. ನಾನು ಹತ್ತಿರ ಹೋದೆ.

"ಡಿಜೆವ್ವ, ಇದು ಬ್ಯಾಡ. ಮೆಟ್ಟಿಲ ಮ್ಯಾಲೆ ಯಾವಾಕಿನಾರ ಕೂಸು ಎತ್ಕಂಡು ಕಾಲಿಟ್ಟಿದ್ರೆ ಏನಾಗ್ತಿತ್ತು? ಆ ಮಾತಿಗೆ ಒಂದು ಬಸ್ಸು ಹೊಂಡ್ತೈತೆ. ಅದನ್ನ ಕುಣಿಯಾಕೆ ಹಚ್ಚಬಾರ್ದು."

"ಹೋಟೆಲಿನಾಗೆ ಬಸ್ ಎಲ್ಲಿರತೈತೆ ಕಾಕ? ನೀವೇ ಮಾಡ್ಕ ಅಂದಿದ್ರಿ."

"ಅಂದಿದ್ದೆ. ಆಗ ಗೊತ್ತಾಗಿರ್ಲಿಲ್ಲ. ಮತ್ತೆ ಇನ್ನೊಂದು ಐತೆ. ಯೂನಿಫಾರ್ಮ್ ಹಾಕ್ಕಂಡು ಡ್ಯೂಟಿ ಮ್ಯಾಲೆ ಅಂದ ಮಾತು ನಂದೋ, ಡಿಪೋದ್ದೋ? ನಂದಲ್ಲದ್ದನ್ನ ನಿಂಗೆ ಹೆಂಗೆ ಕೊಡ್ಲಿ?"

ಕಾರ್ಯಕ್ರಮಕ್ಕೆ ಇನ್ನೊಂದೇ ವಾರವಿತ್ತು. ಹಾಡಿನ ಪ್ರಾಣವೇ ಆ ಜಾಗದಲ್ಲಿತ್ತು. ನನಗೆ ಅಳು ಬಂತು, ಅಳುವುದು ಕಾಣಬಾರದೆಂದು ಸಿಟ್ಟು ಮಾಡಿದೆ. "ಆ ಕಂಪನಿಯೋರಿಗಿಂತ ನೀವೇ ದೊಡ್ಡ ಕಂಪನಿ ಆದ್ರಿ ಬಿಡ್ರಿ" ಎಂದು ಹೇಳಿ, ನ್ಯಾಮತಿಯಲ್ಲಿ ಅವರ ಮುಖ ನೋಡದೆ ಇಳಿದೆ. ಆದರೂ ಮನೆಗೆ ಹೋಗಿ ಆ ತುಂಡನ್ನು ಅಳಿಸಿದೆ. ಬೇಡ ಅಂದವರ ದನಿಯನ್ನು ಇಟ್ಟುಕೊಂಡು ಕೂತರೆ ನಿದ್ದೆ ಬರುವುದಿಲ್ಲ ಅನ್ನುವುದು ಆ ಹೊತ್ತಿಗೆ ನನಗೂ ಅರ್ಥವಾಗಿತ್ತು. ಹಾಡು ಹಲ್ಲು ಕಿತ್ತ ಬಾಯಿಯ ಹಾಗೆ ಕಾಣುತ್ತಿತ್ತು.

ಅವರ ವಾರದ ರಜೆಯ ದಿನ ಬೆಳಿಗ್ಗೆ ಬಾಗಿಲಿನಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ನಿಂತಿದ್ದ. ಖಾಕಿ ಇಲ್ಲದ ಕಾಕನನ್ನು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಕೈಯಲ್ಲಿ ಮಂಡಕ್ಕಿಯ ಪೊಟ್ಟಣ. ತಮ್ಮೂರು ಹೊನ್ನಾಳಿಯಿಂದ ಟಿಕೆಟ್ ತೆಗೆದುಕೊಂಡು ಬಂದಿದ್ದರು, ಅದನ್ನು ತೋರಿಸಿಯೂ ತೋರಿಸಿದರು.

"ರೈಟ್ ಅನ್ನೋದು ಡ್ಯೂಟಿದು, ಅದು ಕೊಡಾಕೆ ಬರಲ್ಲ" ಎಂದರು ಕೂರದೆ ನಿಂತೇ. "ಆದ್ರೆ ಊರು ಕರೆಯೋದು ಐತಲ್ಲ, ಅದು ಎಲ್ಲಾರದ್ದು. ಬರ್ರೀ ಬರ್ರೀ ಅಂತ ಕರೆಯಾಕೆ ಯಾವ ಡಿಪೋ ಬ್ಯಾಡ ಅಂತೈತೆ? ಇವತ್ತು ನನ್ನ ಸ್ವಂತ ಅಂಗಿ ಹಾಕ್ಕಂಡು ಬಂದೀನಿ. ಈಗ ಕೂಗೋದು ನಂದೇ. ಎಷ್ಟು ಬೇಕೋ ತಗಾ."

ಗೋಡೆಗೆ, ಬುದ್ಧನ ಪಟದ ಕೆಳಗೆ, ಸದ್ದು ಗುಂಯ್‌ಗುಡದ ಹಾಗೆ ಮನೆಯ ಕೌದಿಗಳನ್ನೆಲ್ಲ ಇಳಿಬಿಟ್ಟು ಮೈಕ್ ಇಟ್ಟೆ. ಅಮ್ಮ ಮಷಿನ್ ನಿಲ್ಲಿಸಿ ನೋಡುತ್ತಾ ಕೂತಳು. ಕಾಕ ಗಂಟಲು ಸರಿಮಾಡಿಕೊಂಡು, "ಹೊನ್ನಾಳಿ" ಎಂದರು. ಶಾಲೆಯ ಹುಡುಗ ಹಾಜರಿ ಹೇಳಿದ ಹಾಗಿತ್ತು. ಮತ್ತೊಮ್ಮೆ ಅಂದರು. ಅದಕ್ಕಿಂತ ಕೆಟ್ಟದಾಗಿತ್ತು. ಅವರ ಹಣೆಯಲ್ಲಿ ಬೆವರು ಬಂತು. "ಕರೆಯಾಕೆ ಎದುರಿಗೆ ಜನ ಬೇಕವ್ವ. ಗೋಡೆನ ಯಾವೂರಿಗೆ ಕರೀಲಿ?" ಎಂದು ಸೋತು ನಕ್ಕರು. ಇದೂ ಕೈತಪ್ಪಿದರೆ ಇನ್ನೇನೂ ಉಳಿದಿರಲಿಲ್ಲ.

ಆಗ ಅಮ್ಮ ಎದ್ದಳು. ಅವಳ ತವರು ಜಗಳೂರಿನ ಕಡೆ. ಹೆಗಲಿಗೆ ಸೆರಗು ಸರಿಮಾಡಿಕೊಂಡು, ಹೊಲಿಯಲು ಬಂದಿದ್ದ ಬಟ್ಟೆಯ ಗಂಟನ್ನು ಕಂಕುಳಿಗೆ ಇಟ್ಟುಕೊಂಡು, ನಿಜವಾಗಿ ಬಸ್ಸಿಗೆ ತಡವಾದವಳ ಹಾಗೆ ಅವಸರದಿಂದ ಕಾಕನ ಮುಂದೆ ಬಂದು ನಿಂತಳು.

"ಏನ್ರೀ, ಇದು ಜಗಳೂರಿಗೆ ಹೋಗ್ತೈತೇನ್ರೀ?"

ಕಾಕನ ಕಾಲುಗಳು ತಾವಾಗಿಯೇ ಅಗಲವಾದವು. ಸೊಂಟ ಮಷಿನ್ನಿನ ಮೇಜಿಗೆ ಆತುಕೊಂಡಿತು. "ಹೋಗ್ತೈತೆ ಬಾರವ್ವ ತಾಯಿ, ಹತ್ತು ಹತ್ತು! ಜಗಳೂರ್ ಜಗಳೂರ್ ಜಗಳೂರೂ! ಯಾರ್ರೀ ಚನ್ನಗಿರೀ, ಹೊನ್ನಾಳಿ ಹೊನ್ನಾಳಿ ಹೊನ್ನಾಳೀ, ನ್ಯಾಮ್ತಿ!" ಕೌದಿಗಳೇ ನಡುಗಿದವು. ಚನ್ನಗಿರಿಯನ್ನು ಎಳೆದು, ಹೊನ್ನಾಳಿಯನ್ನು ಒಂದರ ಮೇಲೊಂದು ಪೇರಿಸಿ, ನ್ಯಾಮತಿಯನ್ನು ದಾರ ಕಡಿದ ಹಾಗೆ ಪಟ್ಟನೆ ಮುಗಿಸುತ್ತಿದ್ದರು. ಸೂರಗೊಂಡನಕೊಪ್ಪ ಒಂದೇ ಉಸಿರಿಗೆ ಹಲಗೆ ಬಡಿದಂತೆ ಬಂತು. ಅಮ್ಮ ಬಿಡಲಿಲ್ಲ, ಕಂಕುಳಿನ ಗಂಟನ್ನೇ ಕೂಸು ಮಾಡಿಕೊಂಡು ಅದಕ್ಕೆ ಅರ್ಧ ಟಿಕೆಟ್ಟೋ ಪೂರ್ತಿಯೋ ಎಂದು ಜಗಳ ತೆಗೆದಳು. ಕಾಕ ಅವಳ ಜೊತೆ ಜಗಳಾಡುತ್ತಲೇ ಆ ಊರುಗಳನ್ನೆಲ್ಲ ಮತ್ತೆ ಮತ್ತೆ ಕರೆದರು. ಅಮ್ಮ ಅಷ್ಟು ಮನಸಾರೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಂಡಕ್ಕಿ ತಿನ್ನುವಾಗ, ಹಾಡಿನ ಕೆಳಗೆ ಯಾರ ದನಿ ಎಂದು ಬರೆಯಬೇಕು, ಹೆಸರು ಹೇಗೆ ಹಾಕಲಿ ಎಂದು ಕೇಳಿದೆ.

"ಹೆಸ್ರು ಹಾಕಿದ್ರೆ ಯಾರಿಗೆ ಗೊತ್ತಾಗ್ತೈತೆ? ಕಂಡಕ್ಟರ್ ಅಂತ ಹಾಕು. ಆದ್ರೆ ಹಾಕು. ಹಾಕ್ಲಿಲ್ಲಾಂದ್ರೆ ನಾನು ಆ ಹಾಡಿನಾಗೆ ಹತ್ತೇ ಇಲ್ಲ ಅಂದಂಗೆ ಆಗ್ತೈತೆ."

"ನಂದು?" ಎಂದಳು ಅಮ್ಮ.

"ನೀವು ಪ್ಯಾಸೆಂಜರು" ಎಂದರು ಕಾಕ.

ಚನ್ನಗಿರಿಯ ಹೋಟೆಲಿನ ಯಜಮಾನರಿಗೆ ನಾನು ಹಾಡುಗಳ ವಿವರ ಕೊಟ್ಟೆ: ಹಾಡೆಲ್ಲ ನಾನೇ ಮಾಡಿದ್ದು; ಅದರೊಳಗಿನ ಕೆಲವು ಸದ್ದುಗಳು ಹೆಸರು ಹಾಕಿದರೆ ಸಾಕು, ಬಳಸಿಕೊಳ್ಳಿ ಎಂದು ಮಾಡಿದವರೇ ಬಿಟ್ಟುಕೊಟ್ಟವು. ಅವರು ಅರ್ಧ ಮನಸ್ಸಿನಿಂದ ಒಪ್ಪಿದರು. ಹಗಲು ಬೆಳಕಿನಲ್ಲಿ, ಕೇಸರಿಬಾತಿನ ವಾಸನೆಯ ನಡುವೆ ನಾನು ಶುರುಮಾಡಿದಾಗ ಹುಡುಗರು, "ಸಿನಿಮಾ ಹಾಡು ಹಾಕವ್ವೋ!" ಎಂದು ಕೂಗಿದರು. ಮೊದಲೆರಡು ಹಾಡಿಗೆ ಒಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ತಾಳ ಏರಿ ಏರಿ ನಿಂತಿತು. ಸುಮ್ಮನಾದ ಹಾಲ್‌ನಲ್ಲಿ ಅಮ್ಮನ ದನಿ ಕೇಳಿತು, ಜಗಳೂರಿಗೆ ಹೋಗ್ತೈತೇನ್ರೀ ಎಂದು. ಎಲ್ಲರೂ ಬಾಗಿಲ ಕಡೆ ತಿರುಗಿ ನೋಡಿದರು. ಕಾಕ ಕರೆದರು. ಚನ್ನಗಿರೀ ಅಂದಾಗ ಇಡೀ ಹಾಲ್ ಹೋ ಎಂದಿತು. ಜಗಳೂರು ಅಂದಾಗ ಆ ಊರಿನಿಂದ ಬಂದು ಮೂಲೆಯಲ್ಲಿ ಕೂತಿದ್ದ ಯಜಮಾನರ ಬೀಗರ ಗುಂಪು ಎದ್ದು ನಿಂತಿತು. ಬಡಿಸುವವರು ಬಕೆಟ್ಟು ಕೆಳಗಿಟ್ಟು ಕುಣಿದರು. ಯಜಮಾನರು ಬಂದು, "ಇನ್ನೊಂದು ಸಲ ಹಾಕು. ಇದಕ್ಕೆ ಯಾರೂ ಪತ್ರ ಕಳಸಂಗಿಲ್ಲ ಅಲ್ವಾ?" ಎಂದು ಕೇಳಿ ಖಾತರಿ ಮಾಡಿಕೊಂಡು ತಾವೂ ಎರಡು ಹೆಜ್ಜೆ ಹಾಕಿದರು. ಕಾಕ ಅವತ್ತು ಡ್ಯೂಟಿಯಲ್ಲಿದ್ದರು. ಸಂಜೆ ಬಸ್ಸಿನಲ್ಲಿ ಹೇಳಿದಾಗ, "ಜಗಳೂರಿನೋರು ಎದ್ರಾ? ಎದ್ದೇ ಏಳ್ತಾರೆ. ಆ ಕಡೆ ಜನ ಕರೆದ್ರೆ ಕೂರಲ್ಲ" ಎಂದು ತಮಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಜಗಳೂರಿಗೆ ಕೊಟ್ಟರು.

ಬಟ್ಟೆ ಅಂಗಡಿಯ ಮಾತನ್ನು ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಆ ಹಾಡು ಇಂಟರ್ನೆಟ್ಟಿನಲ್ಲಿ ಮೂಕವಾಗದೆ ಹಾಡಿಕೊಂಡೇ ಇದೆ. ಲೈಸೆನ್ಸಿನ ಗೋಜಲು ಬಗೆಹರಿದಿದೆ ಎಂದೇನೂ ನಾನು ಹೇಳುವುದಿಲ್ಲ. ಸಿನಿಮಾ ಹಾಡು ಕೇಳುವವರು ಈಗಲೂ ಕೇಳುತ್ತಾರೆ, ಹಾಲ್‌ನ ಯಜಮಾನರು ಪರವಾನಗಿ ತಂದಿದ್ದರೆ ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ. ಉಳಿದಂತೆ ಊರೂರು ಸುತ್ತಿ ಸದ್ದು ಕೂಡಿಸುತ್ತೇನೆ. ತಾಂಡಾದ ಹೆಂಗಸರು ಹಾಡಿದರೆ ಮೊದಲು ಕೇಳುತ್ತೇನೆ, ಅವರು ಬೇಡ ಅಂದದ್ದನ್ನು ಬಿಡುತ್ತೇನೆ, ಕೊಟ್ಟದ್ದಕ್ಕೆ ಹೆಸರು ಹಾಕುತ್ತೇನೆ. ಇಷ್ಟನ್ನು ನನಗೆ ಕಲಿಸಿದ್ದು ಯಾವ ಕಾನೂನಿನ ಪುಸ್ತಕವೂ ಅಲ್ಲ. ನನ್ನ ಕಸುಬೇ ಕಾಕನ ಋಣ.

ಕಾಕ ನಿವೃತ್ತರಾದರು. ಅದಾದ ಮೇಲಿನ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಚಹಾ ಕುಡಿದು ಪೇಪರ್ ಓದುತ್ತಾ ಕೂತಲ್ಲೇ ಹೋಗಿಬಿಟ್ಟರು. ಮಣ್ಣಿಗೆ ಆ ರೂಟಿನ ಜನವೆಲ್ಲ ಬಂದಿದ್ದರು. ಆಮೇಲೆ ಬಹಳ ದಿನ ನಾನು ಆ ಹಾಡನ್ನು ಹಾಕಲಿಲ್ಲ. ಹಾಕಲು ಹೋದರೆ ಕೈ ಬರುತ್ತಿರಲಿಲ್ಲ.

ಹೋದ ತಿಂಗಳು ಜಗಳೂರಿನ ಒಬ್ಬ ಕಾಲೇಜು ಹುಡುಗಿ ಮೆಸೇಜ್ ಕಳಿಸಿದಳು. ಅವಳೂ ಲ್ಯಾಪ್‌ಟಾಪಿನಲ್ಲಿ ಸಂಗೀತ ಮಾಡುತ್ತಾಳಂತೆ. "ಅಕ್ಕ, ನಿಮ್ಮ ಹಾಡಿನಲ್ಲಿ ಕಂಡಕ್ಟರ್ ನಮ್ಮೂರನ್ನ ಕರೀತಾರಲ್ಲ, ಅದನ್ನ ನನ್ನ ಹಾಡಿಗೆ ತಗೊಳ್ಲಾ? ಬೇಡ ಅಂದ್ರೆ ಬಿಡ್ತೀನಿ" ಎಂದು ಬರೆದಿದ್ದಳು. ನನ್ನ ಹತ್ತಿರ ಒಬ್ಬರು ಅನುಮತಿ ಕೇಳಿದ್ದು ಅದೇ ಮೊದಲು. ಆ ಸಾಲನ್ನು ಎಷ್ಟು ಸಲ ಓದಿದೆನೋ. ಆದರೆ ಕೊಡಲು ಆ ದನಿ ನನ್ನದಲ್ಲ. ಹೊನ್ನಾಳಿಯ ಬಸ್ ಹತ್ತಿ ಕಾಕನ ಹೆಂಡತಿಯ ಹತ್ತಿರ ಹೋದೆ.

ಹುಡುಗಿ ಕೇಳಿದ್ದನ್ನು ಹೇಳಿದೆ. ಕಾಕಿ ಹಾಡು ಹಾಕು ಎಂದರು. ಹಾಕಿದೆ. ಅಡುಗೆಮನೆಯ ಹೊಸಿಲ ಮೇಲೆ ಕೂತು, ಕಣ್ಣು ಮುಚ್ಚಿ, ಊರುಗಳೆಲ್ಲ ಮುಗಿಯುವವರೆಗೆ ಕೇಳಿದರು. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಕೊಡವ್ವ, ಆ ಹುಡ್ಗಿಗೆ ಕೊಡು" ಎಂದರು. "ಒಂದು ಮಾತು ಮಾತ್ರ ಬರಿ. ಸಣ್ಣಗೆ ಮಾಡಿ ಹಾಕಬ್ಯಾಡ ಅನ್ನು. ಬಸ್‌ಸ್ಟ್ಯಾಂಡಿನ ಆ ತುದಿಗೆ ಕುಂತಿರೋ ಮುದುಕಿಗೂ ಕೇಳಂಗಿರ್ಬೇಕು."

ಅಷ್ಟನ್ನೇ ಬರೆದು ಕಳಿಸಿದೆ.